‘ಚೆನ್ನಾಗಿದೆ’ ಎಂಬ ಮಾತು

ಕನ್ನಡದಲ್ಲಿ ಅತ್ಯಂತ ನಿರುಪಯೋಗಿಯಾದ ಮಾತು ಯಾವುದೆಂದು ಯಾರಾದರೂ ನನ್ನನ್ನು ಕೇಳಿದ್ದರೆ, ಹೋದ ವರ್ಷದವರೆಗೂ ನಾನು ತಡವರಿಸದೆ ‘ಚೆನ್ನಾಗಿದೆ’ ಎಂಬುದೇ ಎಂದು ಹೇಳಿಬಿಡುತ್ತಿದ್ದೆ. ಊಟ ಚೆನ್ನಾಗಿದೆ, ಪಾಠ ಚೆನ್ನಾಗಿದೆ, ಹವಾ ಚೆನ್ನಾಗಿದೆ. ಈ ಮಾತನ್ನು ಕೇಳಿ ನಮ್ಮ ವಿದ್ಯಾರ್ಥಿನಿಲಯದ ಅಡಿಗೆಯವರಿಗೆ ನಾಳೆ ಉಪ್ಪನ್ನು ಹೆಚ್ಚಿಸಬೇಕೋ ತಗ್ಗಿಸಬೇಕೋ ತಿಳಿಯುವುದಿಲ್ಲ. ಅಧ್ಯಾಪಕರಿಗೆ ಹಿಂದಿನ ಬೆಂಚಿನವರು ಎಚ್ಚರವಾಗಿದ್ದರೋ ಇಲ್ಲವೋ ಗೊತ್ತಾಗುವುದಿಲ್ಲ. ಹೇಳಿದವನಿಗೆ ಖರ್ಚಿಲ್ಲ, ಕೇಳಿದವನಿಗೆ ಆದಾಯವಿಲ್ಲ. ಈ ಅಭಿಪ್ರಾಯ ನನ್ನಲ್ಲಿ ಹೇಗೆ ಬಲಿಯಿತು, ಆಮೇಲೆ ಎಲ್ಲಿ ಸಡಿಲವಾಯಿತು ಎಂಬುದನ್ನು ಹೇಳಬೇಕಾದರೆ ನನ್ನದೊಂದು ಹವ್ಯಾಸದ ವಿಷಯವನ್ನು ಮೊದಲು ಹೇಳಬೇಕು.

ಜಪಾನಿನಲ್ಲಿ ತಯಾರಾಗುವ, ಕೈಯಿಂದ ಬರೆದ ಚಿತ್ರಗಳನ್ನು ಓಡಿಸಿ ಮಾಡಿದ ಚಲನಚಿತ್ರಗಳಿಗೂ ಧಾರಾವಾಹಿಗಳಿಗೂ ‘ಅನಿಮೆ’ ಎಂದು ಹೆಸರು. ‘ಅನಿಮೇಷನ್’ ಎಂಬ ಆಂಗ್ಲ ಪದವನ್ನು ಜಪಾನಿಯರು ತಮ್ಮ ನಾಲಗೆಗೆ ತಕ್ಕಂತೆ ಮೊಟಕುಮಾಡಿಕೊಂಡ ರೂಪವದು. ಈ ಅನಿಮೆಗಳಿಂದ ತನಗೆ ಬೇಕಾದ ತುಣುಕುಗಳನ್ನು ಆರಿಸಿ ಕತ್ತರಿಸಿ, ತನಗೆ ಮೆಚ್ಚಿನ ಹಾಡೊಂದಕ್ಕೆ ಹೊಂದಿಸುವ ಅಭಿಮಾನಿಗಳ ಕೆಲಸವನ್ನು ‘ಅನಿಮೆ ಮ್ಯೂಸಿಕ್ ವಿಡಿಯೋ’ ಎನ್ನುತ್ತಾರೆ. ಚಿಕ್ಕದಾಗಿ ‘ಎಎಂವಿ’. ನಮ್ಮ ನಿಲಯದಲ್ಲಿ ಬರಿಯ ‘ಎಡಿಟ್’. ನಮ್ಮ ತಂದೆಯವರಿಗೆ ಇದನ್ನು ನಾನು ಮೂರು ಸಲ ವಿವರಿಸಿದ್ದೇನೆ. ಮೂರು ಸಲವೂ ಅವರು, “ಅಂದರೆ ಚಿತ್ರವೂ ನಿನ್ನದಲ್ಲ, ಹಾಡೂ ನಿನ್ನದಲ್ಲ. ಮತ್ತೆ ನಿನ್ನದೇನಪ್ಪಾ?” ಎಂದು ಕೇಳಿದರು. ಮೂರನೆಯ ಸಲ ನನಗೆ ಉತ್ತರ ಹೊಳೆಯಿತು. “ಹೂ ಮಾರುವವಳಿಗೆ ಹೂವೂ ತನ್ನದಲ್ಲ, ನಾರೂ ತನ್ನದಲ್ಲ, ಕಟ್ಟಿದ್ದು ಮಾತ್ರ ತನ್ನದು” ಎಂದೆ. “ಅವಳಿಗೆ ಮೊಳಕ್ಕಿಷ್ಟು ಎಂದು ದುಡ್ಡು ಬರುತ್ತದೆ” ಎಂದು ಹೇಳಿ ಅವರು ಪತ್ರಿಕೆ ಓದಲು ಕುಳಿತರು.

ಈ ಕಟ್ಟುವ ಕೆಲಸಕ್ಕೆ ನಲವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಜಿಮ್ ಕಪೋಸ್ಟಾಸ್ ಎಂಬವರು ೧೯೮೨ರಲ್ಲಿ ಎರಡು ವಿ.ಸಿ.ಆರ್. ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿಕೊಂಡು, ‘ಸ್ಪೇಸ್ ಬ್ಯಾಟಲ್‌ಷಿಪ್ ಯಮಾಟೊ’ ಎಂಬ ಅನಿಮೆಯ ಅತಿ ಘೋರವಾದ ಯುದ್ಧದೃಶ್ಯಗಳನ್ನು, ಪ್ರೀತಿಯೊಂದಿದ್ದರೆ ಸಾಕೆಂದು ಸಾರುವ ಬೀಟಲ್ಸ್ ತಂಡದ ಹಾಡಿಗೆ ಹೊಂದಿಸಿದರು. ಇದನ್ನೇ ಮೊದಲನೆಯ ಎಎಂವಿ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಒಂದೆಡೆ ಸಂಹಾರ, ಒಂದೆಡೆ ಪ್ರೀತಿಯ ಗಾನ. ನೋಡಿದವರು ನಕ್ಕಿರಬೇಕು, ನಕ್ಕ ಮೇಲೆ ಸ್ವಲ್ಪ ಯೋಚಿಸಿಯೂ ಇರಬೇಕು. ಆಮೇಲೆ ಅಮೆರಿಕದಲ್ಲಿ ಅನಿಮೆ ಅಭಿಮಾನಿಗಳ ಸಮ್ಮೇಳನಗಳು ಬೆಳೆದವು. ೧೯೯೪ರಲ್ಲಿ ಆರಂಭವಾದ ಒಟಾಕಾನ್, ೧೯೯೫ರಲ್ಲಿ ಆರಂಭವಾದ ಅನಿಮೆ ವೀಕೆಂಡ್ ಅಟ್ಲಾಂಟಾ ಮೊದಲಾದ ಕಡೆಗಳಲ್ಲಿ ಇಂಥ ಚಿತ್ರಗಳಿಗೆ ಸ್ಪರ್ಧೆಗಳೇ ಉಂಟು. ಕತ್ತಲೆಯ ಸಭಾಂಗಣದಲ್ಲಿ ಜನ ಕಿಕ್ಕಿರಿದು ಕೂತಿರುವಾಗ, ಮಾಡಿದವನು ಹಿಂದಿನ ಸಾಲಿನಲ್ಲಿ ಕುಳಿತು, ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಎಲ್ಲಿ ಆಕಳಿಸಿದರು ಎಂದು ಕಿವಿಗೊಟ್ಟರಾಯಿತು. ಅದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆ ಬೇರೆ ಬೇಕಾಗಿಲ್ಲ. ನಮಗೆ ಆ ಸೌಭಾಗ್ಯವಿಲ್ಲ. ನಮ್ಮ ಸಭಾಂಗಣ ನಿಲಯದ ಮೊಗಸಾಲೆ. ನಮ್ಮ ಪರದೆ ಅಂಗೈಯಗಲದ ಫೋನು.

ಇದೇನು ಮಹಾ ಕಷ್ಟ ಎಂದು ವಾಚಕರು ಕೇಳಬಹುದು. ಸ್ವಲ್ಪ ಲೆಕ್ಕ ಹಾಕೋಣ. ಚಲನಚಿತ್ರದಲ್ಲಿ ಸೆಕೆಂಡಿಗೆ ೨೪ ಫ್ರೇಮುಗಳು. ಮೂರು ನಿಮಿಷದ ಹಾಡೆಂದರೆ ೧೮೦ ಸೆಕೆಂಡು, ಅಂದರೆ ೪,೩೨೦ ಫ್ರೇಮು. ಕತ್ತರಿ ಬೀಳಬೇಕಾದದ್ದು ಇವುಗಳಲ್ಲಿ ಯಾವುದರ ಮೇಲೆ ಎಂಬುದೇ ಪ್ರಶ್ನೆ. ಒಂದು ಫ್ರೇಮಿನ ಆಯುಸ್ಸು ಸೆಕೆಂಡಿನ ಇಪ್ಪತ್ತನಾಲ್ಕನೆಯ ಒಂದು ಭಾಗ. ಆದರೂ ನಾಲ್ಕೈದು ಫ್ರೇಮು ಹೆಚ್ಚುಕಡಮೆಯಾದರೆ, ತಾಳ ತಪ್ಪಿದ ಭಜನೆಯಂತೆ, ಕಾರಣ ತಿಳಿಯದವನಿಗೂ ಮುಜುಗರವಾಗುತ್ತದೆ. ಅದರಲ್ಲೂ ಒಂದು ಸ್ವಾರಸ್ಯವಿದೆ. ಚಿತ್ರ ಮೊದಲು ಬಂದು ಸದ್ದು ತುಸು ಹಿಂದೆ ಬಿದ್ದರೆ ಮನಸ್ಸು ಕ್ಷಮಿಸುತ್ತದೆ. ಸದ್ದು ಮೊದಲು ಬಂದು ಚಿತ್ರ ಹಿಂದುಳಿದರೆ ಅಷ್ಟಾಗಿ ಕ್ಷಮಿಸುವುದಿಲ್ಲ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿ. ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಹುಟ್ಟಿದಾಗಿನಿಂದ ನಮ್ಮ ಕಣ್ಣು ಕಿವಿಗಳು ಆ ಕ್ರಮಕ್ಕೆ ಒಗ್ಗಿಹೋಗಿವೆ. ಆದ್ದರಿಂದ ಪಳಗಿದವರು ತಾಳದ ಪೆಟ್ಟಿಗೆ ಒಂದೆರಡು ಫ್ರೇಮು ಮುಂಚಿತವಾಗಿಯೇ ಕತ್ತರಿ ಹಾಕುತ್ತಾರೆ.

ಇದೊಂದೂ ತಿಳಿಯದ ಕಾಲದಲ್ಲಿ, ಅಂದರೆ ಮೊದಲನೆಯ ವರ್ಷದ ದಸರಾ ರಜೆಯಲ್ಲಿ, ನಾನು ನನ್ನ ಮೊದಲನೆಯ ಎಡಿಟ್ ಮಾಡಿದೆ. ‘ನರುಟೊ’ ಎಂಬ ಧಾರಾವಾಹಿಯ ಕಾಳಗಗಳಿಗೆ ಲಿಂಕಿನ್ ಪಾರ್ಕ್ ತಂಡದ ಅಬ್ಬರದ ಹಾಡು. ಪ್ರಪಂಚದಲ್ಲಿ ಲೆಕ್ಕವಿಲ್ಲದಷ್ಟು ಹುಡುಗರು ನನಗಿಂತ ಮೊದಲೇ ಆ ತಂಡದ ಹಾಡುಗಳಿಗೆ ಅನಿಮೆಯ ಕಾಳಗಗಳನ್ನು ಕಟ್ಟಿ ದಣಿದಿದ್ದರೆಂಬ ಸಂಗತಿ ನನಗೆ ಗೊತ್ತಿರಲಿಲ್ಲ. ಹದಿನೆಂಟು ದಿನ ಕಣ್ಣು ಕೆಂಪು ಮಾಡಿಕೊಂಡು ಮುಗಿಸಿ, ಮೊದಲು ನಮ್ಮ ತಾಯಿಯವರಿಗೆ ತೋರಿಸಿದೆ. “ಚೆನ್ನಾಗಿದೆ, ಊಟಕ್ಕೆ ಬಾ” ಎಂದರು. ನಿಲಯಕ್ಕೆ ಬಂದು ಕೋಣೆಯ ಮಿತ್ರನಿಗೆ ತೋರಿಸಿದೆ. “ಸೂಪರ್ ಮಗಾ” ಎಂದು ಮಗ್ಗುಲಾಗಿ ಮಲಗಿದ. ಪರಮಾನಂದವಾಗಬೇಕಾಗಿತ್ತು, ಆಗಲಿಲ್ಲ. ಎಲ್ಲರೂ ಹೊಗಳಿದರೂ ಯಾರೂ ನೋಡಲಿಲ್ಲವೆಂಬ ಒಂದು ಬಗೆಯ ಕೊರಗು ಉಳಿಯಿತು.

ನಮ್ಮ ನಿಲಯದಲ್ಲಿ ಆಗ ಅಂತಿಮ ಬಿ.ಎ. ತರಗತಿಯ ಹಿರಿಯರೊಬ್ಬರಿದ್ದರು. ಅವರೂ ಈ ಹವ್ಯಾಸದವರೇ. ಮಾತು ಕಡಿಮೆ. ಅವರಿಗೆ ಫೋನು ಕೊಟ್ಟೆ. ಒಂದು ಸಲ ನೋಡಿದರು. ಎರಡನೆಯ ಸಲ ಸದ್ದನ್ನು ಪೂರ್ತಿ ಅಡಗಿಸಿ ನೋಡಿದರು. ಮೂರನೆಯ ಸಲ ನೋಟ್‌ಪುಸ್ತಕದ ಹಾಳೆಯೊಂದನ್ನು ಹರಿದುಕೊಂಡು ಬರೆಯುತ್ತಾ ನೋಡಿದರು. ಆ ಹಾಳೆ ಇಂದಿಗೂ ನನ್ನ ಬಳಿ ಇದೆ. ಅದರಲ್ಲಿ ಆರು ದೋಷಗಳೂ ಒಂದು ಗುಣವೂ, ನಿಮಿಷ ಸೆಕೆಂಡುಗಳ ಸಮೇತ, ಹೀಗೆ ನಮೂದಾಗಿದ್ದುವು. ಮೊದಲಿನಿಂದ ಕೊನೆಯವರೆಗೆ ಕೆಳಗಡೆ ಹಳದಿ ಅಕ್ಷರದ ಸಂಭಾಷಣೆ ಉಳಿದುಕೊಂಡಿದೆ. ಕಣ್ಣು ಓದುತ್ತಾ ಕೂತರೆ ಕಿವಿ ಹಾಡನ್ನು ಕೈಬಿಡುತ್ತದೆ. ಹಳೆಯ ಚೌಕ ಚಿತ್ರವನ್ನು ಅಗಲ ಪರದೆಗೆ ಎಳೆದದ್ದರಿಂದ ಮುಖಗಳೆಲ್ಲ ತಟ್ಟಿದ ರೊಟ್ಟಿಯಂತಾಗಿವೆ. ೦:೪೧ರಿಂದ ೧:೩೦ರವರೆಗೆ ತಾಳದ ಪ್ರತಿಯೊಂದು ಪೆಟ್ಟಿಗೂ ಕತ್ತರಿ. ಹಾಡು ಏರಿದಾಗ ಖರ್ಚುಮಾಡಲು ನಿನ್ನ ಬಳಿ ಏನೂ ಉಳಿದಿಲ್ಲ. ಹಾಡಿನಲ್ಲಿ ಬೀಳುವುದೆಂದರೆ ಬೀಳುವ ಚಿತ್ರ, ಓಡುವುದೆಂದರೆ ಓಡುವ ಚಿತ್ರ. ಹೀಗೆ ಒಂಬತ್ತು ಕಡೆ. ನೋಡುವವನು ದಡ್ಡನಲ್ಲ. ೨:೧೪ರಲ್ಲಿ ಪಾತ್ರ ಬಾಯಿ ಆಡಿಸುತ್ತಿದೆ, ಹಾಡಿನಲ್ಲಿ ಮಾತಿಲ್ಲ. ಮೂಕನಾದನೋ ಎಂದು ಗಾಬರಿಯಾಗುತ್ತದೆ. ಕೊನೆಯದಾಗಿ, ಈ ತಂಡದ ಹಾಡು ಇಂಥ ಕಾಳಗಗಳಿಗೆ ಸವೆದುಹೋಗಿದೆ. ಇಷ್ಟಾದ ಮೇಲೆ ಒಂದು ಗೆರೆ ಎಳೆದು ಬರೆದಿದ್ದರು: “೧:೫೨ರಲ್ಲಿ ಬಾಗಿಲು ಮುಚ್ಚಿಕೊಳ್ಳುವುದು, ಹಾಡು ಒಂದು ಕ್ಷಣ ನಿಲ್ಲುವುದು ಎರಡೂ ಕೂಡಿದೆ. ಅಲ್ಲಿ ನನಗೆ ಮೈ ಜುಮ್ಮೆಂದಿತು. ಅದು ಹೇಗೆ ಸರಿಯಾಯಿತೆಂದು ಯೋಚಿಸು.”

ಆ ರಾತ್ರಿ ನನಗೆ ಬಂದ ಕೋಪವನ್ನು ವರ್ಣಿಸಲಾರೆ. ಇವರು ತಾವೇನು ಮಹಾ ಮಾಡಿದ್ದಾರೆ, ಜಪಾನಿನವರಿಗೇ ಪಾಠ ಹೇಳುತ್ತಾರೇನು, ಕುಣಿಯಲಾರದವಳು ನೆಲ ಡೊಂಕೆಂದಳಂತೆ — ಹೀಗೆಲ್ಲ ಮನಸ್ಸಿನಲ್ಲೇ ಉತ್ತರಗಳನ್ನು ರಚಿಸಿದೆ. ಎರಡನೆಯ ದಿನ ಅವರು ಎದುರಿಗೆ ಬಂದಾಗ ಮುಖ ತಿರುಗಿಸಿದೆ. ಮೂರನೆಯ ದಿನ ಹಾಳೆಯನ್ನು ಕೈಯಲ್ಲಿ ಹಿಡಿದು, ಒಂದಾದರೂ ಸುಳ್ಳಾಗಿರಲಿ ದೇವರೇ ಎಂದು ಹಾರೈಸುತ್ತಾ ಎಡಿಟ್ ನೋಡಿದೆ. ೨:೧೪ ಬಂತು. ಆ ಬಡಪಾಯಿ ಪಾತ್ರ ನಿಜವಾಗಿಯೂ ಮೂಕನಂತೆ ಬಾಯಿ ಆಡಿಸುತ್ತಿತ್ತು. ನನಗೇ ನಗು ಬಂದುಬಿಟ್ಟಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಳ್ಳಲ್ಲ; ಆದರೆ ಹೆಗ್ಗಣದ ಬಾಲವನ್ನು ಇನ್ನೊಬ್ಬರು ತೋರಿಸಿದ ಮೇಲೆ ಕಾಣಲಿಲ್ಲವೆಂದು ಹೇಳುವಂತಿಲ್ಲ.

ಐದು ದೋಷಗಳನ್ನು ಒಪ್ಪಿಕೊಂಡು ತಿದ್ದಿದೆ. ಆರನೆಯದನ್ನು ಒಪ್ಪಲಿಲ್ಲ. “ಅಣ್ಣ, ಹಾಡು ಸವೆದಿರಬಹುದು. ನಾನು ಕೇಳಿದ್ದು ಹೋದ ವರ್ಷ, ನನಗದು ಹೊಸದೇ” ಎಂದೆ. ಅವರು ನಕ್ಕು, “ಸರಿ ಹಾಗಾದರೆ, ಎಡಿಟ್ ನಿನ್ನದು” ಎಂದರು. ವಿಮರ್ಶೆಯನ್ನು ಸ್ವೀಕರಿಸುವ ಬಗೆಯನ್ನು ನಾನು ಕಲಿತದ್ದು ಆ ಮೂರು ದಿನಗಳಲ್ಲಿ. ಮೊದಲನೆಯ ರಾತ್ರಿ ಏನನ್ನೂ ಹೇಳಕೂಡದು. ‘ಇಲ್ಲಿ ನನಗೆ ಬೇಸರವಾಯಿತು’ ಎಂದು ನೋಡಿದವನು ಹೇಳಿದರೆ ಅದರ ಮೇಲೆ ವಾದವಿಲ್ಲ; ಬೇಸರ ಅವನದು, ಅವನೇ ಸಾಕ್ಷಿ. ಆ ಬೇಸರಕ್ಕೆ ಅವನು ಹೇಳುವ ಔಷಧವನ್ನು ಮಾತ್ರ ತೆಗೆದುಕೊಳ್ಳಬಹುದು, ಬಿಡಬಹುದು.

ಪಡೆಯುವ ವಿದ್ಯೆ ಇಷ್ಟು ಸುಲಭವಾಗಿ ಬಂದಾಗ ಕೊಡುವ ವಿದ್ಯೆಯೂ ಬಂದಿತೆಂದು ಭಾವಿಸಿದ್ದೇ ನನ್ನ ತಪ್ಪು. ಆ ಹಿರಿಯರು ಪದವಿ ಮುಗಿಸಿ ಹೋದರು. ಅವರ ಪೀಠಕ್ಕೆ ನನ್ನನ್ನು ನಾನೇ ಪಟ್ಟಗಟ್ಟಿಕೊಂಡೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಯಾರು ಎಡಿಟ್ ತೋರಿಸಿದರೂ ನನ್ನ ಹಾಳೆ ಸಿದ್ಧ. ಅದೇ ವರ್ಷ ಕನ್ನಡ ತರಗತಿಯಲ್ಲಿ ನಮಗೆ ‘ಕವಿರಾಜಮಾರ್ಗ’ದ ಪರಿಚಯವಾಗಿ, ನನಗೊಂದು ಶಾಸ್ತ್ರಾಧಾರವೂ ಸಿಕ್ಕಿತು. ನಮ್ಮ ಭಾಷೆಯಲ್ಲಿ ದೊರೆತಿರುವ ಅತಿ ಪ್ರಾಚೀನ ಗ್ರಂಥ, ಒಂಬತ್ತನೆಯ ಶತಮಾನದ್ದು. ಅದರ ಮೊದಲನೆಯ ಪರಿಚ್ಛೇದವೇ ದೋಷಾದೋಷಗಳ ನಿರ್ಣಯ! ಕನ್ನಡಿಗರು ದೋಷ ಹುಡುಕುವುದರಿಂದಲೇ ಸಾಹಿತ್ಯವನ್ನು ಆರಂಭಿಸಿದವರೆಂದು ಮೊಗಸಾಲೆಯಲ್ಲಿ ಭಾಷಣ ಮಾಡಿದೆ. ಅದೇ ಅಧ್ಯಾಪಕರು ಅದೇ ತರಗತಿಯಲ್ಲಿ ‘ಸಹೃದಯ’ ಎಂಬ ಮಾತನ್ನೂ ವಿವರಿಸಿದ್ದರು. ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳವನೇ ಕಾವ್ಯವನ್ನು ಅರಿಯಬಲ್ಲವನೆಂದು ಹೇಳಿದ್ದರು. ಅದನ್ನು ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಅಲ್ಲಿಯೇ ಬಿಟ್ಟಿದ್ದೆ.

ಹೋದ ವರ್ಷ ಆಗಸ್ಟ್ ತಿಂಗಳಿನಲ್ಲಿ ಮೊದಲನೆಯ ವರ್ಷದ ಹುಡುಗನೊಬ್ಬ ಬಂದು, “ಅಣ್ಣ, ಒಂದು ಎಡಿಟ್ ಮಾಡಿದ್ದೀನಿ, ನೋಡ್ತೀರಾ?” ಎಂದ. ಹಯಾವೊ ಮಿಯಾಜಾಕಿಯವರು ೧೯೮೮ರಲ್ಲಿ ಮಾಡಿದ ‘ಮೈ ನೇಬರ್ ಟೊಟೊರೊ’ ಎಂಬ ಚಿತ್ರದಿಂದ ತುಣುಕುಗಳನ್ನು ತೆಗೆದಿದ್ದ. ಅದನ್ನು ನೋಡಿದವರಿಗೆ ಕಥೆ ಗೊತ್ತು. ಸತ್ಸುಕಿ, ಮೇ ಎಂಬ ಇಬ್ಬರು ಅಕ್ಕತಂಗಿಯರು ತಂದೆಯೊಡನೆ ಹಳ್ಳಿಯ ಮನೆಗೆ ಬರುತ್ತಾರೆ, ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಒಂದು ಸಂಜೆ ಸುರಿಯುವ ಮಳೆಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಮಕ್ಕಳು ಕೊಡೆ ಹಿಡಿದು ತಂದೆಗಾಗಿ ಕಾಯುತ್ತಾ ನಿಲ್ಲುತ್ತಾರೆ. ಈ ಚಿತ್ರಕ್ಕೆ ಆ ಹುಡುಗ ಹೊಂದಿಸಿದ್ದ ಹಾಡು ಒಂದು ಹಳ್ಳಿಯ ಜೋಗುಳ. ಫೋನಿನಲ್ಲಿ ಯಾರೋ ಹೆಂಗಸು ಹಾಡಿದ್ದು; ನಡುವೆ ಒಂದು ಕಡೆ ಕುಕ್ಕರ್ ಕೂಗುತ್ತದೆ.

ನಾನು ಹಾಳೆ ತೆಗೆದೆ. ಸುತ್ತಲೂ ಐದಾರು ಮಂದಿ ಸೇರಿದ್ದರು. ಅದು ನನ್ನ ಉತ್ಸಾಹವನ್ನು ಹೆಚ್ಚಿಸಿತೆಂದು ಒಪ್ಪಿಕೊಳ್ಳುತ್ತೇನೆ. ಒಟ್ಟು ಹದಿನೇಳು ದೋಷಗಳು. ಮಳೆಯಲ್ಲಿ ಅಕ್ಕ ನಿಂತಿರುವ ಒಂದು ತುಣುಕನ್ನು ನಿಧಾನಗೊಳಿಸಿ ೨೨ ಸೆಕೆಂಡು ಹಾಗೆಯೇ ಬಿಟ್ಟಿದ್ದ. “ಇಲ್ಲಿ ಚಿತ್ರ ಸತ್ತುಹೋಗಿದೆ” ಎಂದೆ. ಅನಿಮೆಯಲ್ಲಿ ಒಂದೊಂದು ಚಿತ್ರವನ್ನು ಎರಡು ಮೂರು ಫ್ರೇಮು ನಿಲ್ಲಿಸಿರುತ್ತಾರೆ, ಸೆಕೆಂಡಿಗೆ ಹನ್ನೆರಡೋ ಎಂಟೋ ಚಿತ್ರಗಳಷ್ಟೆ; ಅದನ್ನು ನಿಧಾನಗೊಳಿಸಿದರೆ ಚಲನೆ ಕುಂಟುತ್ತದೆ ಎಂದು ಪಾಂಡಿತ್ಯ ಮೆರೆದೆ. “ಹಾಡಂತೂ ಪೂರ್ತಿ ಗೊರಗೊರ. ಇದೇ ಜೋಗುಳ ಒಳ್ಳೆಯ ಗಾಯಕಿಯರ ಧ್ವನಿಯಲ್ಲಿ ಬೇಕಾದಷ್ಟು ಸಿಗುತ್ತದೆ, ಅದನ್ನು ಹಾಕು. ಕುಕ್ಕರ್ ಕೂಗನ್ನು ಯಾರು ಕೇಳುತ್ತಾರೆ?” ಎಂದೆ. ಎಲ್ಲರೂ ನಕ್ಕರು. ಹುಡುಗನೂ ನಕ್ಕ. “ಆಗಲಿ ಅಣ್ಣ” ಎಂದು ಫೋನು ತೆಗೆದುಕೊಂಡು ಹೋದ. ಹಿರಿಯರು ನನಗೆ ಮಾಡಿದ್ದನ್ನೇ ನಾನು ಇವನಿಗೆ ಮಾಡಿದೆನೆಂಬ ತೃಪ್ತಿಯಿಂದ ಆ ರಾತ್ರಿ ಸುಖವಾಗಿ ಮಲಗಿದೆ. ಅವರು ಮೂರು ಸಲ ನೋಡಿದ್ದರು, ನಾನು ಒಂದೇ ಸಲ ನೋಡಿದ್ದೆ. ಅವರು ಹಾಳೆಯನ್ನು ನನ್ನ ಕೈಗೆ ಕೊಟ್ಟಿದ್ದರು, ನಾನು ಸಭೆಗೆ ಓದಿದ್ದೆ. ಅವರು ೧:೫೨ನ್ನು ಬರೆದಿದ್ದರು, ನಾನು ಅಂಥದೊಂದನ್ನು ಹುಡುಕಿರಲೇ ಇಲ್ಲ. ಈ ವ್ಯತ್ಯಾಸಗಳು ಆಗ ನನಗೆ ಹೊಳೆಯಲಿಲ್ಲ.

ನವೆಂಬರಿನ ಒಂದು ಶನಿವಾರ ರಾತ್ರಿ ಊರಿನಿಂದ ಮರಳಿ ಬಸ್ ನಿಲ್ದಾಣದಲ್ಲಿ ಇಳಿದಾಗ ಆ ಹುಡುಗ ಅಲ್ಲಿ ಕಂಬವನ್ನೊರಗಿ ನಿಂತಿದ್ದ. “ಅಮ್ಮ ಬರ್ತಾರೆ ಅಣ್ಣ, ಎಂಟೂವರೆ ಬಸ್ಸಿಗೆ” ಎಂದ. ತಾಯಿ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿರುವುದು, ತಾನು ಹಳ್ಳಿಯಲ್ಲಿ ಅಜ್ಜಿಯ ಬಳಿ ಬೆಳೆದದ್ದು, ಅವರು ತಿಂಗಳಿಗೊಮ್ಮೆ ಬರುವುದು, ಚಿಕ್ಕಂದಿನಿಂದಲೂ ಶನಿವಾರ ರಾತ್ರಿ ಹೀಗೆ ಬಸ್ಸಿಗೆ ಕಾಯುವುದು ಎಲ್ಲವನ್ನೂ ಆಗ ಹೇಳಿದ. ಎಂಟೂವರೆಯ ಬಸ್ಸು ಒಂಬತ್ತೂ ಕಾಲಿಗೆ ಬಂತು. ಆಕೆ ಇಳಿದು, ಮಗನ ತಲೆ ಸವರಿ, ನನ್ನ ಕಡೆ ತಿರುಗಿ, “ವಿಡಿಯೋ ಮಾಡೋದು ಹೇಳಿಕೊಡೋ ಅಣ್ಣ ಒಬ್ರಿದ್ದಾರೆ ಅಂತಿದ್ದ, ನೀನೇನಪ್ಪಾ? ನನ್ನ ಕೈಲಿ ಹಾಡಿಸಿಕೊಂಡು ಹೋದ. ಕುಕ್ಕರ್ ಕೂಗ್ತಾ ಇದೆ ತಡಿಯೋ ಅಂದ್ರೂ ಕೇಳ್ಲಿಲ್ಲ. ಆಯ್ತಾ ಅದು?” ಎಂದರು.

ನನ್ನ ನಾಲಗೆ ಒಣಗಿತು. ಹುಡುಗ ನನ್ನ ಮುಖವನ್ನು ನೋಡಲಿಲ್ಲ. “ಇನ್ನೂ ಆಗಿಲ್ಲಮ್ಮ, ಸ್ವಲ್ಪ ಕೆಲಸ ಇದೆ” ಎಂದು ಚೀಲ ಎತ್ತಿಕೊಂಡ. ಅವನು ನನ್ನ ಮಾನವನ್ನು ಕಾಪಾಡಿದ. ನಾನು ಅವನದನ್ನು ಕಾಪಾಡಿರಲಿಲ್ಲ.

ಮರುದಿನ ಸಂಜೆ ತಾಯಿಯನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಅವನ ಕೋಣೆಗೆ ಹೋದೆ. ನಾನು ಹದಿನೇಳು ದೋಷ ಎಣಿಸಿದ ರಾತ್ರಿಯೇ ಎಡಿಟನ್ನು ಅಳಿಸಿಹಾಕಿದ್ದ. ಹಾಡಿನ ಮೂಲಪ್ರತಿ ಮಾತ್ರ ಉಳಿದಿತ್ತು. ಕ್ಷಮೆ ಕೇಳಿದೆ. “ಬಿಡಿ ಅಣ್ಣ, ಅದರಲ್ಲೇನಿದೆ” ಎಂದ. ಆಗ, ಆಗಸ್ಟ್‌ನಲ್ಲಿ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: “ಅದರಲ್ಲಿ ಏನು ತೋರಿಸಬೇಕು ಅಂತಿದ್ದೆ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಯೋದನ್ನ” ಎಂದ.

ಒಂದೇ ಮಾತು. ಆ ಮಾತನ್ನು ಅಳತೆಗೋಲಾಗಿ ಹಿಡಿದು ನನ್ನ ಹದಿನೇಳು ದೋಷಗಳನ್ನು ಮತ್ತೆ ಅಳೆದು ನೋಡಿದೆ. ಚಲನೆ ಕುಂಟುತ್ತದೆಂದು ಹಳಿದ ೨೨ ಸೆಕೆಂಡೇ ಆ ಎಡಿಟಿನ ಜೀವ. ಕಾಯುವವನ ಕಾಲ ಕುಂಟದೆ ಇನ್ನೇನು ಮಾಡೀತು? ಒಳ್ಳೆಯ ಗಾಯಕಿಯ ಧ್ವನಿ ಹಾಕಿದ್ದರೆ ಹಾಡು ಶುದ್ಧವಾಗುತ್ತಿತ್ತು, ತಾಯಿ ಮಾಯವಾಗುತ್ತಿದ್ದಳು. ಹದಿನೇಳರಲ್ಲಿ ನಿಂತವು ಎರಡೇ: ಆರಂಭದಲ್ಲಿ ಹಾಡಿನ ಸದ್ದು ತೀರ ಕಡಿಮೆಯಾಗಿತ್ತು, ಕೆಳಗೆ ಹಳದಿ ಅಕ್ಷರಗಳು ಉಳಿದಿದ್ದುವು. ಉಳಿದ ಹದಿನೈದು, ಅವನು ಮಾಡಹೊರಟ ಎಡಿಟಿನ ದೋಷಗಳಲ್ಲ. ನಾನು ಮಾಡಬಹುದಾಗಿದ್ದ ಬೇರೊಂದು ಎಡಿಟಿಗೂ ಅವನದಕ್ಕೂ ಇದ್ದ ಅಂತರ. ದೋಸೆ ಹಾಕಿದವನನ್ನು ಇಡ್ಲಿಯಂತೆ ಏಕೆ ಉಬ್ಬಲಿಲ್ಲವೆಂದು ಬೈದಂತಾಗಿತ್ತು.

ಮಾಡಿದವನ ಉದ್ದೇಶ ತಿಳಿದ ಮಾತ್ರಕ್ಕೆ ಎಲ್ಲವೂ ಕ್ಷಮ್ಯವೆಂದು ನಾನು ಹೇಳುತ್ತಿಲ್ಲ. ಹಳದಿ ಅಕ್ಷರ ಹಳದಿ ಅಕ್ಷರವೇ. ಮುಲಾಜಿಗೆ ಬಿದ್ದು ಅದನ್ನು ಹೇಳದಿದ್ದರೆ ಅದೂ ಒಂದು ಬಗೆಯ ವಂಚನೆ. ಆದರೆ ಏನು ಮಾಡಹೊರಟೆ ಎಂದು ಕೇಳದೆ ದೋಷವನ್ನು ಅಳೆಯಲು ನಮ್ಮ ಕೈಯಲ್ಲಿ ಗೋಲೇ ಇರುವುದಿಲ್ಲ. ನಮ್ಮ ಅಧ್ಯಾಪಕರು ‘ಸಹೃದಯ’ ಎಂದದ್ದನ್ನು ನಾನು ಮೆದು ಮನಸ್ಸಿನವನು ಎಂದು ತಿಳಿದಿದ್ದೆ. ಅದು ಮೆದುತನವಲ್ಲ, ಮೊದಲು ಮಾಡಿದವನ ಪಕ್ಕದಲ್ಲಿ ಕುಳಿತು ನೋಡುವ ಶ್ರಮ.

ಡಿಸೆಂಬರಿನಲ್ಲಿ ಅವನು ಎಡಿಟನ್ನು ಮತ್ತೆ ಮಾಡಿದ. ನಾನು ಪಕ್ಕದಲ್ಲಿ ಕುಳಿತಿದ್ದೆ. ಕೇಳಿದಾಗ ಮಾತ್ರ ಹೇಳಿದೆ. ಅವನಿಗೇ ಒಂದು ಉಪಾಯ ಹೊಳೆಯಿತು: ಮಳೆಯ ಕತ್ತಲೆಯಲ್ಲಿ ದೂರದಿಂದ ಬಸ್ಸಿನ ದೀಪಗಳು ಕಾಣುವ ಕ್ಷಣಕ್ಕೆ ಸರಿಯಾಗಿ ಕುಕ್ಕರ್ ಕೂಗುವಂತೆ ಹೊಂದಿಸಿದ. ದೀಪ ಕಂಡು ಎರಡು ಫ್ರೇಮಿನ ಮೇಲೆ ಕೂಗು. ನನಗೆ ಮೈ ಜುಮ್ಮೆಂದಿತು. ಅದನ್ನು ಹಾಳೆಯಲ್ಲಿ, ನಿಮಿಷ ಸೆಕೆಂಡಿನ ಸಮೇತ, ಬರೆದುಕೊಟ್ಟೆ.

ಸಂಕ್ರಾಂತಿಗೆ ಊರಿಗೆ ಹೋಗಿ ಬಂದವನನ್ನು, “ಅಮ್ಮನಿಗೆ ತೋರಿಸಿದೆಯಾ? ಏನಂದರು?” ಎಂದು ಕೇಳಿದೆ. “ಎರಡು ಸಲ ನೋಡಿದ್ರು ಅಣ್ಣ. ಕಣ್ಣು ಒರೆಸಿಕೊಂಡ್ರು. ಚೆನ್ನಾಗಿದೆ ಅಂದ್ರು” ಎಂದ.

ಈ ಬರೆಹದ ಮೊದಲ ವಾಕ್ಯದಲ್ಲಿ ಆ ಮಾತಿನ ಮೇಲೆ ಹೊರಿಸಿದ್ದ ಅಪವಾದವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನಾನು ಯೋಚಿಸುತ್ತಿರುವಾಗಲೇ ಹುಡುಗ ನಗುತ್ತಾ ಇನ್ನೊಂದು ಮಾತು ಸೇರಿಸಿದ:

“ಆಮೇಲೆ, ಆ ಕುಕ್ಕರ್ ಸದ್ದೊಂದು ತೆಗೆದಿದ್ರೆ ಇನ್ನೂ ಚೆನ್ನಾಗಿರ್ತಿತ್ತು ಕಣೋ ಅಂದ್ರು ಅಣ್ಣ.”

ನಾನು ಬಾಯಿ ತೆರೆಯಲಿಲ್ಲ.